ಗುಡ್ ಫ್ರೈಡೇ ರಜೆ ಮತ್ತು ನಮ್ಮ ಅತ್ತೆಯವರ ಲಿಂಗ

ಆಪರೇಷನ್ ಮುಗಿದು ಕಣ್ಣು ಬಿಟ್ಟ ನಮ್ಮ ಅತ್ತೆಯವರು ಮೊದಲು ಮಾಡಿದ ಕೆಲಸವೆಂದರೆ ಎದೆ ಮುಟ್ಟಿ ನೋಡಿಕೊಂಡದ್ದು. ಅಲ್ಲಿ ಲಿಂಗ ಇರಲಿಲ್ಲ. ಶರಣ ಬಂಧುಗಳೇ, ನಮ್ಮ ಮನೆಗೆ ಬಂದ ಆ ಕಷ್ಟವನ್ನೂ ಅದು ಕಳೆದ ಬಗೆಯನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಮಾನ ಹೋಗುವ ಸಂಗತಿಯೂ ಇದೆ. ಅದನ್ನು ಬಿಟ್ಟು ಬರೆದರೆ ಶಿವನ ಕೃಪೆಯನ್ನು ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಇದು ನಡೆದದ್ದು 1958ರಲ್ಲಿ, ಯುಗಾದಿ ಕಳೆದು ಎರಡು ವಾರಕ್ಕೆ. ನಾವು ಚಿತ್ರದುರ್ಗದ ಕಡೆಯವರು. ನಮ್ಮ ಯಜಮಾನರಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸವಾದ್ದರಿಂದ ರಾಜಾಜಿನಗರದ ಹೊಸ ಬಡಾವಣೆಯಲ್ಲಿ ಮನೆ ಮಾಡಿದ್ದೆವು. ಅಕ್ಕಪಕ್ಕದಲ್ಲಿ ಯಾರು ಯಾವ ಊರಿನವರೋ, ಯಾವ ದೇವರಿಗೆ ಕೈ ಮುಗಿಯುವವರೋ ಗೊತ್ತಿರಲಿಲ್ಲ. ನನಗೆ ಹುಟ್ಟಿನಿಂದಲೇ ಅನುಮಾನದ ಬುದ್ಧಿ. ಹಾಲಿನವನು ಹಾಲು ಹುಯ್ದರೆ ಬೆರಳು ಅದ್ದಿ ನೋಡುತ್ತೇನೆ. ಪಕ್ಕದ ಮನೆಯವರು ನಕ್ಕು ಮಾತಾಡಿಸಿದರೆ ಏನು ಕೇಳಲು ಬಂದರೋ ಎಂದು ಯೋಚಿಸುತ್ತೇನೆ.

ಯಜಮಾನರು ಪ್ರತಿ ವರ್ಷ ಕಚೇರಿಯ ರಜೆ ಪಟ್ಟಿಯನ್ನು ತಂದು ಅಡುಗೆಮನೆಯ ಗೋಡೆಗೆ ಅಂಟಿಸುತ್ತಿದ್ದರು. ಶಿವರಾತ್ರಿ, ರಂಜಾನ್, ಗಣೇಶನ ಹಬ್ಬ, ಕ್ರಿಸ್‌ಮಸ್, ಎಲ್ಲ ಒಂದರ ಕೆಳಗೆ ಒಂದು. ಅವರಿಗೆ ಯಾವ ದೇವರ ಹೆಸರಲ್ಲಿ ಸಿಕ್ಕರೂ ರಜೆ ರಜೆಯೇ. ನನಗೆ ಮಾತ್ರ ಆ ಪಟ್ಟಿಯ ಮೇಲೂ ಗುಮಾನಿ. ಅವರ ಹಬ್ಬಕ್ಕೆ ನಮಗೇಕೆ ರಜೆ, ಇದರಲ್ಲಿ ಏನೋ ಇದೆ ಎಂದು ಅನ್ನುತ್ತಿದ್ದೆ. ಅತ್ತೆಯವರು, "ಏನೈತವ್ವ ಅದರಾಗ, ಅವರ ದೇವರನ್ನ ಅವರು ನೆನೀತಾರ" ಎಂದು ನಕ್ಕು ಸುಮ್ಮನಾಗುತ್ತಿದ್ದರು.

ಅತ್ತೆಯವರ ನಿಷ್ಠೆಯನ್ನು ಸ್ವಲ್ಪ ಹೇಳಲೇಬೇಕು. ಬೆಳ್ಳಿಯ ಕರಡಿಗೆಯಲ್ಲಿಟ್ಟ ಇಷ್ಟಲಿಂಗವನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಧರಿಸಿದ್ದರು. ಎಂಟು ವರ್ಷದ ಹುಡುಗಿಯಾಗಿ ದೀಕ್ಷೆ ಪಡೆದಂದಿನಿಂದ ಅದು ಅವರ ಮೈಬಿಟ್ಟು ಕೆಳಗಿಳಿದಿರಲಿಲ್ಲ. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ತೊಟ್ಟು ನೀರನ್ನೂ ಕುಡಿದವರಲ್ಲ.

ಆ ಬುಧವಾರ ಅವರಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಮಾಗಡಿ ರಸ್ತೆಯ ಒಂದು ಸಣ್ಣ ಆಸ್ಪತ್ರೆಗೆ ಸೇರಿಸಿದೆವು. ಕರುಳು ಸಿಕ್ಕಿಹಾಕಿಕೊಂಡಿದೆ, ಮಾರನೆಯ ದಿನ ಕೊಯ್ಯಬೇಕು ಎಂದರು ಡಾಕ್ಟರು. ಗುರುವಾರ ಬೆಳಿಗ್ಗೆ ಯಜಮಾನರು ಔಷಧಿ ತರಲು ಪೇಟೆಗೆ ಹೋದರು. ನಾನು ಅತ್ತೆಯವರ ಹತ್ತಿರ ಇರಬೇಕಾಗಿತ್ತು. ಆದರೆ ಆಸ್ಪತ್ರೆಯ ನೀರಿನ ಮೇಲೆ ನನಗೆ ನಂಬಿಕೆ ಬರಲಿಲ್ಲ. ಮನೆಗೆ ನಡೆದು ಹೋಗಿ, ಕಾಯಿಸಿ ಆರಿಸಿದ ನೀರನ್ನು ಹಿತ್ತಾಳೆ ಚೊಂಬಿನಲ್ಲಿ ತುಂಬಿಕೊಂಡು ಬರುವಷ್ಟರಲ್ಲಿ ಅತ್ತೆಯವರನ್ನು ಒಳಗೆ ಕರೆದುಕೊಂಡು ಹೋಗಿಬಿಟ್ಟಿದ್ದರು.

ನಾನು ಮೊಗಸಾಲೆಯಲ್ಲಿ ಕಾಯುತ್ತಿದ್ದಾಗ ಒಬ್ಬ ನರ್ಸು ನನ್ನ ಕಡೆಗೆ ಬಂದಳು. ಹೆಸರು ಫಿಲೋಮಿನಾ, ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. "ಅಮ್ಮಾ, ಒಂದು ನಿಮಿಷ" ಎಂದು ಕೈಯನ್ನು ಕೊರಳಿಗೆ ಹಾಕಿ ರವಿಕೆಯೊಳಗಿಂದ ಒಂದು ದಾರ ಎಳೆಯತೊಡಗಿದಳು. ನನಗೆ ತಕ್ಷಣ ಹೊಳೆದದ್ದು ಶಿಲುಬೆ. ಅತ್ತೆ ಒಳಗೆ ಮಲಗಿರುವಾಗ ಇವಳು ನನಗೆ ಶಿಲುಬೆ ತೋರಿಸಿ ತನ್ನ ಮತದ ಮಾತು ತೆಗೆಯುತ್ತಾಳೆ ಎಂದುಕೊಂಡು, ಕೇಳಿಸದವಳಂತೆ ಎದ್ದು ಬಾವಿಯ ಕಡೆಗೆ ಹೋದೆ. ಅರ್ಧ ಗಂಟೆಯ ಮೇಲೆ ಮತ್ತೆ ಕರೆದಳು. ಆಗಲೂ ಸೆರಗು ತಲೆ ಮೇಲೆಳೆದುಕೊಂಡು ತಪ್ಪಿಸಿಕೊಂಡೆ. ಮೂರನೆಯ ಸಲ ಅವಳು ದೂರದಲ್ಲಿ ಬರುವುದನ್ನು ಕಂಡೇ ಗೇಟಿನ ಹೊರಗೆ ಹೋಗಿ ನಿಂತೆ. ಆಯಾ ಮುನಿಯಮ್ಮ ಬಂದು, ಸಿಸ್ಟರ್ ನಿಮ್ಮನ್ನು ಹುಡುಕುತ್ತಿದ್ದಾರೆ, ಅವರ ಡ್ಯೂಟಿ ಮುಗಿಯಿತು ಎಂದಳು. ಮುಗಿಯಲಿ, ಹೋಗಲಿ ಎಂದೆ. ಅಷ್ಟು ಜಾಣೆ ನಾನು.

ಸಂಜೆ ಅತ್ತೆಯವರಿಗೆ ಎಚ್ಚರವಾಯಿತು. ಎದೆ ಮುಟ್ಟಿದರು, ದಿಂಬು ತಡವಿದರು. ನನ್ನ ಕಡೆಗೆ ಕೈ ಚಾಚಿ, "ಕೊಡವ್ವ" ಎಂದರು. ನನ್ನ ಹತ್ತಿರ ಏನಿದೆ ಕೊಡಲಿಕ್ಕೆ? ಮತ್ತಿನ ಔಷಧಿಯ ಮಂಪರಿನಲ್ಲಿ ಅವರಿಗೆ ನೆನಪಿದ್ದದ್ದು ಇಷ್ಟೇ: ಬಿಳಿ ಸೀರೆಯವಳೊಬ್ಬಳ ಕೈಗೆ ಲಿಂಗ ಕೊಟ್ಟಿದ್ದರು. ನನಗೆ ಅಷ್ಟು ಸಾಕಾಯಿತು. ಬೆಳ್ಳಿ ಕರಡಿಗೆಗೆ ಆಸೆಪಟ್ಟು ಆ ಫಿಲೋಮಿನಾ ಎತ್ತಿಕೊಂಡು ಹೋಗಿದ್ದಾಳೆ ಎಂದು ವಾರ್ಡಿನಲ್ಲಿ ಎಲ್ಲರೆದುರಿಗೂ ಹೇಳಿದೆ. ಡಾಕ್ಟರ ಮುಖ ಕೆಂಪಾಯಿತು. ನಾನು ಹೆದರಲಿಲ್ಲ.

ಅತ್ತೆಯವರು ಯಾರನ್ನೂ ಬೈಯಲಿಲ್ಲ. ಲಿಂಗ ಬರುವತನಕ ನೀರು ಮುಟ್ಟುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ನರಕ್ಕೆ ಸೂಜಿ ಚುಚ್ಚಿ ಗ್ಲೂಕೋಸ್ ನೀರು ಕೊಡಲು ಹೋದರೆ ಕೈ ಎಳೆದುಕೊಂಡರು. ಅದು ಕುಡಿದಂತಲ್ಲ ಎಂದು ಡಾಕ್ಟರು ಎಷ್ಟು ವಿವರಿಸಿದರೂ, "ಯಾವ ದಾರಿಲಿ ಹೋದ್ರೂ ನೀರು ನೀರೇ ಅಲ್ಲೇನಪ್ಪ" ಎಂದರು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಅವರ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಡಾಕ್ಟರು ಯಜಮಾನರನ್ನು ಪಕ್ಕಕ್ಕೆ ಕರೆದು, ಸಂಜೆಯೊಳಗೆ ಮೈಗೆ ನೀರು ಸೇರದಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿದರು. ನಮ್ಮ ಯಜಮಾನರು ಅಳುವುದನ್ನು ನಾನು ಅಂದೇ ಮೊದಲು ನೋಡಿದ್ದು.

ಆ ದಿನ ನಮಗೆ ದವನದ ಹುಣ್ಣಿಮೆ. ಗೋಡೆಯ ಪಟ್ಟಿಯ ಪ್ರಕಾರ ಗುಡ್ ಫ್ರೈಡೇ. ಆಸ್ಪತ್ರೆಯ ಕಚೇರಿಗೆ ಬೀಗ, ನರ್ಸಿನ ವಿಳಾಸ ಕೇಳಿದರೆ ಹೇಳುವವರಿಲ್ಲ. ಇವರ ರಜೆಗೆ ಬೆಂಕಿ ಬೀಳ ಎಂದು ಶಪಿಸಿದೆ. ಕೊನೆಗೆ ಮುನಿಯಮ್ಮನೇ ಹೇಳಿದಳು: ಸಿಸ್ಟರ್ ಕೆಂಗೇರಿಯಲ್ಲಿ ಅಣ್ಣನ ಮನೆಗೆ ಹೋಗಿದ್ದಾರೆ, ಅಣ್ಣ ಅಲ್ಲಿ ಸ್ಕೂಲ್ ಮೇಷ್ಟ್ರು. ಯಜಮಾನರು ತಾಯಿಯ ಕೈ ಬಿಡುವಂತಿರಲಿಲ್ಲ. ಕ್ಯಾಂಟೀನಿನಲ್ಲಿ ಎರಡು ಇಡ್ಲಿ ತಿಂದು ಕಾಫಿ ಕುಡಿದು ನಾನೇ ಹೊರಟೆ. ಹಸಿವನ್ನು ತಡೆಯುವ ಅಭ್ಯಾಸ ನನಗಿಲ್ಲ.

ರಜೆಯ ದಿನ, ಬಸ್ಸು ಬರಲಿಲ್ಲ. ಬಂದ ಒಂದೂ ತುಂಬಿ ನಿಲ್ಲದೆ ಹೋಯಿತು. ಆಸ್ಪತ್ರೆಯ ಮುಂದೆ ಜಟಕಾ ನಿಲ್ಲಿಸಿಕೊಂಡಿದ್ದ ಮುದುಕ ಬಾಷಾ ಸಾಬರು ವಿಷಯ ಕೇಳಿ, "ಕೂತ್ಕೊಳ್ಳಿ ಅಮ್ಮಾ, ಕುದುರೆ ಹೋಗುತ್ತೆ" ಎಂದರು. ಅಷ್ಟು ದೂರ ಬರಲು ಇವರೇಕೆ ಇಷ್ಟು ಬೇಗ ಒಪ್ಪಿದರು ಎಂಬ ಅನುಮಾನ ಹತ್ತುವಾಗಲೇ ಶುರುವಾಯಿತು. ದೊಡ್ಡ ರಸ್ತೆ ಬಿಟ್ಟು ಹೊಲಗಳ ನಡುವಿನ ಗಾಡಿ ದಾರಿಗೆ ಇಳಿದಾಗ ಎರಡು ಕೈಯ ಬಳೆಗಳನ್ನೂ ಸೆರಗಿನಲ್ಲಿ ಮುಚ್ಚಿಕೊಂಡೆ. ಕೇಳಿದರೆ, ನಾಯಂಡಹಳ್ಳಿಗೆ ಇದು ಹತ್ತಿರ ಎಂದರು. ನಾಯಂಡಹಳ್ಳಿ ಬಂದೇ ಬಂತು. ಅಲ್ಲಿ ಬಾವಿಯ ಹತ್ತಿರ ಗಾಡಿ ನಿಲ್ಲಿಸಿ ಕುದುರೆಗೆ ನೀರು ಕುಡಿಸಿದರು. ತಾವು ಕೈಕಾಲು ಮುಖ ತೊಳೆದು, ಬಾಯಿ ಮುಕ್ಕಳಿಸಿ, ನೀರನ್ನೆಲ್ಲ ಉಗುಳಿಬಿಟ್ಟರು. ಬಿಸಿಲಿಗೆ ಅವರ ತುಟಿ ಬಿರಿದಿತ್ತು. ಕುಡಿಯುವುದಿಲ್ಲವೇ ಎಂದೆ.

"ರಂಜಾನ್ ಅಲ್ವಾ ಅಮ್ಮಾ. ಹೊತ್ತು ಮುಳುಗೋ ತನಕ ಇಲ್ಲ."

ಆಮೇಲೆ ಹೊಂಗೆ ಮರದ ಕೆಳಗೆ ಟವಲು ಹಾಸಿ ನಮಾಜು ಮಾಡಿದರು. ಶುಕ್ರವಾರದ ನಮಾಜಿಗೆ ಅವರು ಮಸೀದಿಯಲ್ಲಿ ಇರಬೇಕಾಗಿತ್ತೆಂದು ನನಗೆ ಆಮೇಲೆ ತಿಳಿಯಿತು. ಆಗ ಮಾತ್ರ, ಅಲ್ಲಿ ಅತ್ತೆ ಸಾಯುತ್ತಿದ್ದಾರೆ, ಇಲ್ಲಿ ಇವರದು ನಿಧಾನ ಎಂದು ಮನಸ್ಸಿನಲ್ಲಿ ಬೈದುಕೊಂಡೆ. ಬೈದು ಬೈದು ಸಾಕಾಗಿ ಗಾಡಿಯಲ್ಲಿ ಕುಳಿತೇ ಕಣ್ಣು ಮುಚ್ಚಿದೆ. ಶಿವನೇ, ನನ್ನ ಬುದ್ಧಿ ಹೇಗಾದರೂ ಇರಲಿ, ಆ ಮುದುಕಿಯ ಬಾಯಿಗೆ ನೀರು ಬೀಳುವ ಹಾಗೆ ಮಾಡು ಎಂದು ಬೇಡಿಕೊಂಡೆ. ಎಂದೂ ಹಾಗೆ ಬೇಡಿದವಳಲ್ಲ ನಾನು. ಇಷ್ಟು ದಿನ ದೇವರ ಮುಂದೆ ಕುಳಿತಾಗಲೂ ಒಂದು ಕಣ್ಣು ಹಿತ್ತಲ ಬಾಗಿಲ ಮೇಲೇ ಇರುತ್ತಿತ್ತು.

ಕೆಂಗೇರಿಯಲ್ಲಿ ಮೇಷ್ಟ್ರ ಮನೆಗೆ ಬೀಗ ಹಾಕಿತ್ತು, ಎಲ್ಲರೂ ಚರ್ಚಿಗೆ ಹೋಗಿದ್ದರು. ಚರ್ಚು ಎಂದರೆ ಹೆಂಚಿನ ಸಣ್ಣ ಮನೆ. ಒಳಗೆ ಕಾಲಿಡಲು ಮನಸ್ಸು ಬಾರದೆ ಕಿಟಕಿಯಲ್ಲಿ ಇಣುಕಿದೆ. ಹೆಂಗಸರು ಒಬ್ಬೊಬ್ಬರಾಗಿ ಹೋಗಿ, ನೆಲಕ್ಕೆ ಹಣೆ ಮುಟ್ಟಿಸಿ, ಅಲ್ಲಿ ಮಲಗಿಸಿದ್ದ ಶಿಲುಬೆಗೆ ಮುತ್ತಿಡುತ್ತಿದ್ದರು. ಫಿಲೋಮಿನಾಳ ಸರದಿ ಬಂದಾಗ ಮಾತ್ರ ಅವಳು ಪೂರ್ತಿ ಬಾಗಲಿಲ್ಲ. ಎದೆಯನ್ನು ಒಂದು ಕೈಯಿಂದ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಶಿಲುಬೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನೋಡು, ಕದ್ದದ್ದನ್ನು ದೇವರ ಮುಂದೆಯೂ ಮುಚ್ಚಿಟ್ಟುಕೊಂಡಿದ್ದಾಳೆ ಎಂದುಕೊಂಡೆ.

ಅವಳು ಹೊರಗೆ ಬಂದದ್ದೇ ತಡ, ಅಷ್ಟು ಜನರ ನಡುವೆ ಅಡ್ಡಗಟ್ಟಿ, ನಮ್ಮ ಅತ್ತೆಯವರ ಲಿಂಗ ಎಲ್ಲಿ ಎಂದು ಕೇಳಿದೆ. ಅವಳು ಸಿಟ್ಟಾಗಲಿಲ್ಲ. ಹಿಂದಿನ ದಿನದ ಹಾಗೆಯೇ ಕೊರಳಿಗೆ ಕೈ ಹಾಕಿ ದಾರ ಎಳೆದಳು. ದಾರದ ತುದಿಯಲ್ಲಿ ಕರಡಿಗೆ ಇತ್ತು.

"ನೆಲಕ್ಕಿಡಬೇಡ, ಮೇಜಿನ ಮೇಲೂ ಇಡಬೇಡ, ಮೈಮೇಲೇ ಇರಲಿ, ಸೊಸೆ ಕೈಗೇ ಕೊಡು ಅಂದಿದ್ರು ನಿಮ್ಮತ್ತೆ" ಎಂದಳು. "ನಿನ್ನೆ ಮೂರು ಸಲ ಕರೆದೆ ಅಮ್ಮಾ. ನೀವು ನಿಲ್ಲಲೇ ಇಲ್ಲ."

ಮಿಕ್ಕದ್ದನ್ನು ದಾರಿಯಲ್ಲಿ ಹೇಳಿದಳು. ನನ್ನನ್ನು ಹುಡುಕಿ ಹುಡುಕಿ, ಬಸ್ಸು ತಪ್ಪುತ್ತದೆಂದು ಹಾಗೇ ಹೊರಟಿದ್ದಳು. ಬೇರೆ ಯಾರ ಕೈಗೆ ಕೊಟ್ಟರೂ ಮುದುಕಿಗೆ ಕೊಟ್ಟ ಮಾತು ತಪ್ಪುತ್ತಿತ್ತು. ಶನಿವಾರ ಮೊದಲ ಬಸ್ಸಿಗೆ ಬಂದು ಕೊಡಬೇಕೆಂದಿದ್ದಳು. ಅತ್ತೆ ನೀರು ಬಿಟ್ಟಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ಗುರುವಾರ ಸಂಜೆ ಅತ್ತಿಗೆ ಮೀನಿನ ಸಾರು ಬಡಿಸಿದರೆ, ಇದು ಮೈಮೇಲಿದೆ ಎಂದು ಎದ್ದುಬಿಟ್ಟಳಂತೆ. ಶುಕ್ರವಾರ ಅವರಿಗೂ ಉಪವಾಸ, ಪ್ರಾರ್ಥನೆ ಮುಗಿದ ಮೇಲೆ ಗಂಜಿ. ಆ ಗಂಜಿಯನ್ನೂ ಕುಡಿಯದೆ ಜಟಕಾ ಹತ್ತಿದ್ದಳು. ಮುಂದೆ ಸಾಬರು, ಪಕ್ಕದಲ್ಲಿ ಇವಳು, ಆಸ್ಪತ್ರೆಯಲ್ಲಿ ಅತ್ತೆ. ಮೂವರ ಹೊಟ್ಟೆಯಲ್ಲೂ ಏನೂ ಇರಲಿಲ್ಲ. ಇಡ್ಲಿ ತಿಂದು ಕುಳಿತಿದ್ದವಳು ನಾನೊಬ್ಬಳೇ.

ಲಿಂಗವನ್ನು ನಾನು ಇಸಿದುಕೊಳ್ಳಲಿಲ್ಲ. ಅವಳ ಮೈಮೇಲೇ ಬರಲಿ ಎಂದೆ. ಹಾಗೆ ಅಂದರೂ ಹುಟ್ಟಿದ ಬುದ್ಧಿ ಎಲ್ಲಿ ಹೋಗುತ್ತದೆ? ಇವಳು ಅತ್ತೆಗೆ ನನ್ನ ಮೇಲೆ ಚಾಡಿ ಹೇಳುತ್ತಾಳೆ ಎಂಬ ಯೋಚನೆ ನಾಯಂಡಹಳ್ಳಿಯಿಂದ ಆಸ್ಪತ್ರೆಯವರೆಗೂ ನನ್ನನ್ನು ಕೊರೆಯಿತು. ಕ್ರೈಸ್ತರವಳ ಮೈಮೇಲೆ ಚರ್ಚಿಗೂ ಹೋಗಿಬಂದ ಲಿಂಗವನ್ನು ಅತ್ತೆ ಒಪ್ಪದೆ ಹೋದರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಒಂದು ಸುಳ್ಳು ಹೇಳಿಬಿಡೋಣ ಎಂದೂ ಅನ್ನಿಸಿತು.

ನಾವು ತಲುಪಿದಾಗ ಹೊತ್ತು ಇಳಿದಿತ್ತು. ಅತ್ತೆಯವರು ಕಣ್ಣು ಮುಚ್ಚಿಯೇ ಇದ್ದರು. ಫಿಲೋಮಿನಾ ದಾರ ತೆಗೆದು ಅವರ ಅಂಗೈಗೆ ಕರಡಿಗೆ ಇಟ್ಟಳು. ಬೆರಳುಗಳು ಮುಚ್ಚಿಕೊಂಡವು.

"ನೆಲಕ್ಕೆ ಇಟ್ಟಿದ್ದೇನು ತಂಗಿ?"

"ಇಲ್ಲಮ್ಮಾ. ಮಲಗೋವಾಗಲೂ ಮೈಮೇಲೇ ಇತ್ತು. ಇವತ್ತು ಚರ್ಚಲ್ಲೂ ಇತ್ತು."

ಅತ್ತೆಯವರು ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡರು. ಅವರ ಪ್ರಶ್ನೆ ಬೇರೆಯೇ ಆಗಿತ್ತು. ನಿನ್ನೆಯೇ ಸೊಸೆಯ ಕೈಗೆ ಏಕೆ ಕೊಡಲಿಲ್ಲ ಎಂದು ಕೇಳಿದರು. ಫಿಲೋಮಿನಾ ನನ್ನ ಕಡೆ ನೋಡಲೂ ಇಲ್ಲ. "ಅವರು ಸಿಗಲಿಲ್ಲಮ್ಮಾ" ಎಂದಳು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏನಾಯಿತೋ ತಿಳಿಯದು, ಮಂಚದ ಕಾಲು ಹಿಡಿದು ಕುಳಿತುಬಿಟ್ಟೆ. "ಸುಳ್ಳು ಅತ್ತೆ. ಮೂರು ಸಲ ಕರೆದಳು. ನಾನೇ ತಪ್ಪಿಸಿಕೊಂಡು ಓಡಾಡಿದೆ. ಅವಳನ್ನ ಕಳ್ಳಿ ಅಂತ ಊರಿಗೆಲ್ಲ ಹೇಳಿದೆ" ಎಂದೆ. ಯಜಮಾನರು ತಲೆ ತಗ್ಗಿಸಿದರು.

ಅತ್ತೆಯವರು ದಿಂಬಿಗೆ ಒರಗಿಸಲು ಸನ್ನೆ ಮಾಡಿದರು. ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ವಿಭೂತಿ ಹಚ್ಚಿದರು. ನಾನು ಮನೆಯಿಂದ ತಂದಿದ್ದ ಚೊಂಬಿನ ನೀರು ಮಂಚದ ಕೆಳಗೆ ಹಾಗೇ ಇತ್ತು. ಅದರಿಂದಲೇ ಪೂಜೆ ಆಯಿತು. ತೀರ್ಥ ಎತ್ತಿದವರು ತಮ್ಮ ಬಾಯಿಗೆ ಬಿಟ್ಟುಕೊಳ್ಳಲಿಲ್ಲ, ನನ್ನ ಕಡೆಗೆ ಚಾಚಿದರು.

"ಕೈ ಹಿಡಿಯವ್ವ. ಬಿಸಿಲಾಗ ಬಂದೀಯ, ಮೊದಲು ನೀ ತಗೋ."

ನಾನು ಕುಡಿದೆ. ಆಮೇಲೆ ಅವರು ಕುಡಿದರು, ಗುಟುಕು ಗುಟುಕಾಗಿ, ಡಾಕ್ಟರು ಸಾಕೆನ್ನುವವರೆಗೆ. ಫಿಲೋಮಿನಾಳಿಗೂ ಒಂದು ಲೋಟ ಕೊಡಿಸಿದರು. ಕರೆತಂದವರು ಯಾರು ಎಂದು ಕೇಳಿ, ಸಾಬರ ವಿಷಯ ತಿಳಿದ ಮೇಲೆ ನನಗೆ ಹೇಳಿದ್ದು ಇಷ್ಟೇ: ಈ ಚೊಂಬು ತಗೊಂಡು ಹೋಗಿ ಅವರ ಹತ್ತಿರ ನಿಂತಿರು, ಹೊತ್ತು ಮುಳುಗಿದ ಕೂಡಲೇ ನಿನ್ನ ಕೈಯಾರೆ ಕೊಡು.

ಗೇಟಿನ ಹೊರಗೆ ಕುದುರೆಯ ಪಕ್ಕದಲ್ಲಿ ಚೊಂಬು ಹಿಡಿದು ನಿಂತೆ. ಮಾಗಡಿ ರಸ್ತೆಯ ಆ ಕಡೆ ಸೂರ್ಯ ಇಳಿದ, ಈ ಕಡೆ ಹುಣ್ಣಿಮೆಯ ಚಂದ್ರ ಕಾಣಿಸಿದ. ಅವರು ಬೊಗಸೆ ಒಡ್ಡಿದರು. ನಾನು ಹುಯ್ದೆ.

ಅತ್ತೆಯವರು ಈಗ ಗುಣವಾಗಿದ್ದಾರೆ, ದಿನಾ ಪೂಜೆ ಮಾಡುತ್ತಾರೆ. ಆ ಲಿಂಗಕ್ಕೆ ಮೈಲಿಗೆಯಾಗಿದೆ ಎಂದು ನಮ್ಮ ಬೀದಿಯಲ್ಲಿ ಒಬ್ಬರಿಬ್ಬರು ಆಡಿಕೊಂಡದ್ದೂ ಉಂಟು. ಅವರಿಗೆ ಅತ್ತೆಯವರು, ನನ್ನ ಮೈಮೇಲೆ ಅರವತ್ತು ವರ್ಷ ಇತ್ತು, ಆಕೆ ಮೈಮೇಲೆ ಒಂದೂವರೆ ದಿನ ಇತ್ತು, ಆಕೆಯೇ ಹೆಚ್ಚು ಜೋಪಾನ ಮಾಡಿದಳು ಎಂದರು. ನನ್ನ ಅನುಮಾನ ಮಾತ್ರ ಪೂರ್ತಿ ಬಿಟ್ಟಿಲ್ಲ, ಹಾಲಿಗೆ ಇವತ್ತೂ ಬೆರಳು ಅದ್ದುತ್ತೇನೆ. ಆದರೆ ಈ ವರ್ಷದ ರಜೆ ಪಟ್ಟಿಯನ್ನು ನಾನೇ ಗೋಡೆಗೆ ಅಂಟಿಸಿದೆ. ಗುಡ್ ಫ್ರೈಡೇ ದಿನ ಮಧ್ಯಾಹ್ನ ಮೂರರವರೆಗೆ, ಅವರ ಚರ್ಚಿನ ಪ್ರಾರ್ಥನೆಯ ಹೊತ್ತಿನವರೆಗೆ, ನೀರು ಮುಟ್ಟಲಿಲ್ಲ.

ನನ್ನ ಮೊರೆಯನ್ನು ಶಿವ ಕೇಳಿದ. ಕೇಳುವುದಕ್ಕೆ ಮೊದಲೇ ಮೊಗಸಾಲೆಯಲ್ಲಿ ಮೂರು ಸಲ ಉತ್ತರವನ್ನೂ ಕಳಿಸಿದ್ದ. ಓದುವ ಶರಣರಲ್ಲಿ ನನ್ನದೊಂದೇ ವಿನಂತಿ. ದಾರಿಯಲ್ಲಿ ಗುರುತಿಲ್ಲದವರು ಯಾರಾದರೂ ಕರೆದರೆ, ಒಂದು ನಿಮಿಷ ನಿಲ್ಲಿ.