ಒಂದು ಬೇರಿನ ಹಲ್ಲು

ಮದರಾಸಿನಲ್ಲಿ ಓದಿ ಬಂದು ನಾನು ಕೊಳ್ಳೇಗಾಲದಲ್ಲಿ ಹಲ್ಲಿನ ಆಸ್ಪತ್ರೆ ತೆರೆದಾಗ, ಸುತ್ತಿನವರೆಲ್ಲ ಹಲ್ಲುನೋವಿಗೆ ಹೋಗುತ್ತಿದ್ದುದು ಅಗರದ ಒಬ್ಬ ಮುದುಕರ ಬಳಿಗೆ. ಅವರು ಕೆಂಡದ ಮೇಲೆ ಯಾವುದೋ ಬೀಜ ಹಾಕಿ, ಕೊಳವೆಯಲ್ಲಿ ಅದರ ಹೊಗೆಯನ್ನು ಬಾಯಿಗೆ ಹಿಡಿಸಿ, ಹಲ್ಲಿನ ಹುಳ ಬೀಳಿಸುತ್ತಿದ್ದರು. ಬಿದ್ದ ಹುಳಗಳನ್ನು ತಟ್ಟೆಯ ನೀರಿನಲ್ಲಿ ತೇಲಿಸಿ ತೋರಿಸುತ್ತಲೂ ಇದ್ದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ರೋಗಿಗಳೂ ಇರಲಿಲ್ಲ.

ಒಂದು ಮಧ್ಯಾಹ್ನ ಮುಖಕ್ಕೆ ವಲ್ಲಿ ಸುತ್ತಿಕೊಂಡವರೊಬ್ಬರು ಬಂದು, ಮೊದಲು ಬಾಗಿಲು ಹಾಕಿಸಿದರು. ವಲ್ಲಿ ತೆಗೆದು, ತಾನು ಅಗರದವನು, ಹುಳ ತೆಗೆಯುವವನು ಎಂದು ತಗ್ಗಿದ ದನಿಯಲ್ಲಿ ಹೇಳಿಕೊಂಡರು. ಮೇಲಿನ ಮುಂಹಲ್ಲು ಹುಳುಕಾಗಿತ್ತು. ಎರಡು ದಿನ ತಮ್ಮ ಹೊಗೆಯನ್ನು ತಾವೇ ಕುಡಿದು ಕೆಮ್ಮು ಹತ್ತಿತ್ತೇ ಹೊರತು ನೋವು ಹೋಗಿರಲಿಲ್ಲ.

“ಕೀಳ್‌ಬ್ಯಾಡಿ ಸಾ,” ಎಂದರು. “ಮುಂದ್ಗಡೆ ಅಲ್ಲು ಇಲ್ದಿದ್ರೆ ನನ್ತಾವ ಯಾರ್ ಬತ್ತರೆ?”

ಕೀಳುವುದಿಲ್ಲ, ಒಳಗಿನ ನರವನ್ನಷ್ಟೇ ತೆಗೆಯುತ್ತೇನೆ ಎಂದೆ. ಕಾಲೇಜು ಬಿಟ್ಟ ಮೇಲೆ ಆ ಕೆಲಸಕ್ಕೆ ಕೈ ಹಾಕುತ್ತಿದ್ದುದು ಅದೇ ಮೊದಲೆಂದು ಹೇಳಲಿಲ್ಲ. ಜೋಮು ಹಿಡಿಸುವ ಸೂಜಿ ಚುಚ್ಚಿ, ಹೊಲಿಗೆ ಯಂತ್ರದಂತೆ ಕಾಲಲ್ಲಿ ತುಳಿಯುವ ಯಂತ್ರದಿಂದ ಹಲ್ಲಿನ ಹಿಂಬದಿಯಲ್ಲಿ ತೂತು ಕೊರೆದೆ. ನಾನು ತುಳಿದಾಗಲೆಲ್ಲ ಕುರ್ಚಿಯಲ್ಲಿ ಅವರ ಕಾಲೂ ತುಳಿಯುತ್ತಿತ್ತು. ಮುಳ್ಳಿರುವ ಸಣ್ಣ ಸೂಜಿಯನ್ನು ಬೇರಿನೊಳಕ್ಕೆ ಇಳಿಸಿ, ತಿರುಚಿ ಎಳೆದೆ. ಕೆಂಪು ದಾರದಂಥ ನರ ಇಡಿಯಾಗಿ ಬಂತು.

ಅವರು ಕನ್ನಡಕ ಹಾಕಿಕೊಂಡು ನೋಡಿ, ಇದು ಹುಳವೇ ಎಂದು ಕೇಳಿದರು. ಅಲ್ಲ, ನರ ಎಂದೆ. ಮುಚ್ಚಿದ ಬಾಗಿಲನ್ನು ಇನ್ನೊಮ್ಮೆ ನೋಡಿ ಹೇಳಿದರು: “ನಾ ತೆಗ್ಯದೂ ಉಳ ಅಲ್ಲ ಕಣ್ರಿ. ಕಾದ ಬೀಜದ್ ಮೊಳ್ಕೆ.”

ಲವಂಗದೆಣ್ಣೆಯ ಹತ್ತಿ ಇಟ್ಟು ಕಳಿಸಿದೆ. ಅವರು ಮತ್ತೆರಡು ಸಲ ಬಂದರು. ಕೊನೆಯ ಸಲ ಬೇರಿನ ದಾರಿಯನ್ನು ತುದಿಯವರೆಗೆ ತುಂಬಿ ಮುಚ್ಚುತ್ತಿದ್ದಂತೆ, ದವಡೆ ಹಲ್ಲಿಗೂ ಹೀಗೇ ಮಾಡಬಹುದೇ ಎಂದು ಕೇಳಿದರು. ಮುಂಹಲ್ಲಿಗೆ ಒಂದೇ ಬೇರು, ನೇರ ದಾರಿ. ದವಡೆ ಹಲ್ಲಿಗೆ ಎರಡು ಮೂರು ಸೊಟ್ಟ ಬೇರು, ಅಷ್ಟು ಧೈರ್ಯ ನನಗಿನ್ನೂ ಇಲ್ಲವೆಂದು ಒಪ್ಪಿಕೊಂಡೆ. ಅವರು ಗಂಭೀರವಾಗಿ ತಲೆಯಾಡಿಸಿದರು.

ಮುಂದಿನ ವಾರದಿಂದ ಯಳಂದೂರು, ಹನೂರು ಕಡೆಯಿಂದಲೂ ಜನ ಬರತೊಡಗಿದರು. ಎಲ್ಲರಿಗೂ ಮುಂಹಲ್ಲಿನದೇ ನೋವು. ಬೆರಗಾಗಿ ಒಬ್ಬ ಹೆಂಗಸನ್ನು ವಿಚಾರಿಸಿದೆ.

“ಅಗರದಜ್ಜ ಕಳ್ಸುದ್ರು ಸಾ. ಒಂದ್ ಬೇರಿಂದು ಡಾಕ್ಟ್ರಿಗೆ, ಮೂರ್ ಬೇರಿಂದು ನಂಗೆ ಅಂತ ಯೋಳವ್ರೆ.”

ದವಡೆಯ ಹುಳ ಬಲು ಹಟಮಾರಿ, ಇಂಗ್ಲಿಷ್ ಔಷಧಿಗೆ ಬಗ್ಗುವುದಿಲ್ಲ ಎಂದೂ ಹೇಳಿದ್ದರಂತೆ. ನಾನು ತಿದ್ದಲು ಹೋಗಲಿಲ್ಲ. ಆ ವರ್ಷ ಮುಂಹಲ್ಲುಗಳಲ್ಲಿ ನನ್ನ ಕೈ ಚೆನ್ನಾಗಿ ಪಳಗಿತು.