ಎಂಟುನೂರ ಎಂಟನೇ ಬಾಗಿಲು

2006ರ ಮಳೆಗಾಲ ಹಿಂದೆ ಸರಿಯುತ್ತಿತ್ತು. ನಾನಾಗ ಕಾರವಾರದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಸರ್ವಿಸ್ ಇಂಜಿನಿಯರ್. ಅಂಕೋಲಾ ಕಡೆಯ ಗಿರಾಕಿಗಳೆಲ್ಲ ನನ್ನ ಪಾಲಿಗೆ. ಅವರಲ್ಲಿ ಭಾವಿಕೇರಿಯ ಶಾಲಿನಿ ಒಬ್ಬಳು. ಅಂಕೋಲಾ ಪೇಟೆಯಲ್ಲಿ ಆರು ಕಂಪ್ಯೂಟರುಗಳ ಸೈಬರ್ ಸೆಂಟರ್ ನಡೆಸುತ್ತಿದ್ದಳು. ಹೆಂಗಸು ನಡೆಸುವ ಅಂಗಡಿ ಎಂಬ ಧೈರ್ಯದಿಂದಲೇ ಊರವರು ತಮ್ಮ ಕಾಲೇಜು ಹುಡುಗಿಯರನ್ನು ಅಲ್ಲಿಗೆ ಕಳಿಸುತ್ತಿದ್ದರು. ಅವಳ ಅನ್ನ ಆ ನಂಬಿಕೆಯ ಮೇಲೆ ನಿಂತಿತ್ತು.

ಒಂದು ಬೆಳಿಗ್ಗೆ ಅವಳ ಫೋನು ಬಂತು.

"ಅಣ್ಣಾ, ಪೊಲೀಸ್ರು ಬಂದು ಕೂತಿದ್ದಾರೆ. ನಮ್ಮಲ್ಲಿಂದ ಯಾರಿಗೋ ಬೆದರಿಕೆ ಮೇಲ್ ಹೋಗಿದೆಯಂತೆ. ಆ ದಿನ ನಾ ಅಂಗಡೀನೇ ತೆಗಿಲಿಲ್ಲ, ಕಿನ್ನರ ಊರಿನ ಅಕ್ಕನ ಮನೆಗೆ ಹೋಗಿದ್ದೆ!"

ಬಸ್ಸು ಹಿಡಿದು ಓಡಿದೆ. ಅಂಗಡಿ ಮುಚ್ಚಿದ್ದರೂ ಒಂದು ಕಂಪ್ಯೂಟರ್ ಮಾತ್ರ ಸದಾ ಚಾಲೂ ಇರುತ್ತಿತ್ತು. ಉಳಿದ ಐದಕ್ಕೂ ಇಂಟರ್ನೆಟ್ ಹಂಚುವುದು ಅದರ ಕೆಲಸ. ಇದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ಮೊದಲು ಬೇರೆ ಯಾರೋ ಕೂಡಿಸಿಕೊಟ್ಟು ಹೋದದ್ದು. ಕಂಪ್ಯೂಟರಿಗೆ ಅರುವತ್ತೈದು ಸಾವಿರ ಚಿಲ್ಲರೆ ಪೋರ್ಟುಗಳು, ಎಂದರೆ ನಂಬರು ಹಾಕಿದ ಬಾಗಿಲುಗಳು. ಈ ಪ್ರಾಕ್ಸಿಯದು 808. ಒಳಗಿನ ಐದು ಕಂಪ್ಯೂಟರುಗಳಿಗಷ್ಟೇ ತೆರೆಯಬೇಕಾಗಿದ್ದ ಆ ಬಾಗಿಲು ಇಡೀ ಪ್ರಪಂಚಕ್ಕೆ ತೆರೆದುಕೊಂಡಿತ್ತು. ಅದರೊಳಗಿಂದ ಹಾದು ಯಾರು ಮೇಲ್ ಕಳಿಸಿದರೂ ಈ ಅಂಗಡಿಯಿಂದಲೇ ಹೋದಂತೆ ಕಾಣುತ್ತಿತ್ತು. netstat ಎಂಬ ಆಜ್ಞೆ ಕೊಟ್ಟಾಗ ಕಪ್ಪು ಪರದೆಯ ಮೇಲೆ ಆಗ ಒಳಬಂದಿದ್ದವರ ಎಲ್ಲೆಲ್ಲಿಯದೋ ವಿಳಾಸಗಳು ಸಾಲುಗಟ್ಟಿದವು.

ಕಾರವಾರದಲ್ಲಿದ್ದ ಜೊತೆಗಾರ ರಮಾಕಾಂತನಿಗೆ ಫೋನು ಮಾಡಿ, ಅದೇ ಬಾಗಿಲಿನಿಂದ ಒಳಬರಲು ಹೇಳಿದೆ. ಅವನ ವಿಳಾಸವೂ ಪೊಲೀಸ್ ಸಾಹೇಬರ ಕಣ್ಣೆದುರೇ ಪಟ್ಟಿಯಲ್ಲಿ ಮೂಡಿತು.

"ಅಂದ್ರೆ ಕಳ್ಳ ಎಲ್ಲೋ ಇದ್ದಾನೆ, ಮನೆ ನಂಬ್ರ ಮಾತ್ರ ಈ ತಂಗೀದು" ಎಂದು ಅವರು ಎದ್ದರು. ಶಾಲಿನಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊರಗಿನವರಿಗೆ 808 ಮುಚ್ಚಿ, ಫೈರ್‌ವಾಲ್ ಹಾಕಿ, ಪಾಸ್‌ವರ್ಡ್ ಇಟ್ಟೆ. ಅರ್ಧ ತಾಸಿನ ಕೆಲಸ.

ಆದರೆ ಅಂಗಡಿಯೆದುರು ಜೀಪು ನಿಂತದ್ದನ್ನು ಪೇಟೆಯೆಲ್ಲ ನೋಡಿತ್ತು. ಬಸ್ಸಿಗೆ ಇನ್ನೂ ಹೊತ್ತು ಇದ್ದುದರಿಂದ ಎದುರಿನ ವೆಂಕಟರಮಣನ ಚಾದಂಗಡಿಯಲ್ಲಿ ಕೂತು, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದೆ: "ಶಾಲಿನೀದು ಎಂತಾ ತಪ್ಪೂ ಇಲ್ಲ. ಹೊರಗಿನವ್ರು ಅವಳ ಕಂಪ್ಯೂಟರ್ ಬಳಸ್ತಿದ್ದದ್ದು ಪಾಪ ಅವಳಿಗೆ ಗೊತ್ತೇ ಇರ್ಲಿಲ್ಲ."

ವೆಂಕಟರಮಣ ಗ್ಲಾಸು ತೊಳೆಯುತ್ತಲೇ ಅಂದ: "ಅದೇ ಅಲ್ದಾ ಮಾರಾಯ್ರೇ ಹೆದ್ರಿಕೆ! ಅವಳು ಒಳ್ಳೇಳು, ಇಲ್ಲ ಅಂದವ್ರು ಯಾರು? ತನ್ನ ಮಷಿನ್ ಯಾರು ಬಳಸ್ತ್ರು ಅಂತ ಅವಳಿಗೇ ಗೊತ್ತಿಲ್ಲ ಅಂದ್ರೆ, ನಮ್ಮ ಹುಡುಗೀರ ಫೋಟೋ, ಫಾರ್ಮು ಯಾರ ಕೈಗೆ ಹೋಗುದು? ನಾನಂತೂ ಮಗಳನ್ನ ಇನ್ನು ಕಳ್ಸುದಿಲ್ಲ."

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಸಾಹೇಬರೆದುರು ಅವಳನ್ನು ಉಳಿಸಿದ ಮಾತೇ ಪೇಟೆಯಲ್ಲಿ ಅವಳನ್ನು ಮುಳುಗಿಸಿತು.

ದೀಪಾವಳಿಯ ಹೊತ್ತಿಗೆ ಕುರ್ಚಿಗಳು ಖಾಲಿ ಬಿದ್ದವು. ಕಂಪ್ಯೂಟರುಗಳನ್ನು ಮಾರಿಕೊಡಿ ಎಂದು ಕರೆಸಿದಳು. ನಾನು ವೈರು ಸುತ್ತುತ್ತಿದ್ದಾಗ ಕೇಳಿದಳು: "ಅಣ್ಣಾ, ಆ ಎಂಟುನೂರ ಎಂಟು ಈಗ ಗಟ್ಟಿ ಅಲ್ವಾ?"

"ಗಟ್ಟಿ, ತಂಗಿ."

"ಹೌದು ಹೌದು. ಈಗ ಯಾರೂ ಬರುದಿಲ್ಲ" ಎಂದು ನಕ್ಕಳು. ನಾನು ವೈರು ಸುತ್ತುತ್ತಲೇ ಇದ್ದೆ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಊರಿನ ಬಾಯಿ ಮುಚ್ಚುವುದಕ್ಕಿಂತ, ಅದಕ್ಕೆ ಉತ್ತರ ಕೊಡುವ ಶಕ್ತಿ ಅಂಗಡಿಯವಳ ಕೈಯಲ್ಲಿರಬೇಕಿತ್ತು ಎಂದು ಈಗ ಅನಿಸುತ್ತದೆ. ಅಲ್ಲಿಂದೀಚೆಗೆ ಎಲ್ಲಿ ಕಂಪ್ಯೂಟರ್ ಕೂಡಿಸಿದರೂ, ಆ ಕಪ್ಪು ಪರದೆಯನ್ನು ಓದುವುದನ್ನು ಯಜಮಾನರಿಗೆ ಕಲಿಸದೆ ನಾನು ಎದ್ದು ಬಂದಿಲ್ಲ. ಶಾಲಿನಿಗೆ ಕಲಿಸಿದ್ದರೆ ಅವಳು ಒಂದೇ ದಿನದಲ್ಲಿ ಕಲಿಯುತ್ತಿದ್ದಳು.