ಟಿ.ವಿ.ಯೊಳಗಿನ ಹೊಳೆ ದಾಟಿಸಿದ ಬಸವಣ್ಣ

ಶರಣ ಬಂಧುಗಳೇ, 2009ರ ಶ್ರಾವಣದಲ್ಲಿ ನನ್ನ ಬಲಗಾಲು ನನ್ನ ಮಾತು ಕೇಳುವುದನ್ನೇ ಬಿಟ್ಟಿತ್ತು.

ನಾನು ಗೋಕಾಕ ಡಿಪೋದ ಬಸ್ ಕಂಡಕ್ಟರ್. ಆ ಬೇಸಿಗೆಯಲ್ಲಿ ಹತ್ತರಗಿಯಲ್ಲಿ ಬಸ್ಸಿನಿಂದ ಇಳಿಯುವಾಗ ಜಲ್ಲಿಕಲ್ಲಿನ ಮೇಲೆ ಕಾಲು ತಿರುಚಿ ಬಿದ್ದೆ. ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿದಿತ್ತು. ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಎಲ್ಲ ಚೆನ್ನಾಗಿ ಕೂಡಿದೆ, ಇನ್ನು ಧೈರ್ಯವಾಗಿ ನಡೆಯಿರಿ ಎಂದರು ಡಾಕ್ಟರು. ಆದರೆ ಆ ಕಾಲಿನ ಮೇಲೆ ಭಾರ ಹಾಕಲು ಹೋದರೆ ಸಾಕು, ಮೈಯೆಲ್ಲ ಬೆವರುತ್ತಿತ್ತು. ಓಡುವ ಬಸ್ಸಿನಲ್ಲಿ ನಿಲ್ಲಬೇಕಾದವಳು ಘೋಡಗೇರಿಯ ನಮ್ಮ ಮನೆಯಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದೆ.

ಲಿಂಗಪೂಜೆಗೂ ಮಂಚದ ಮೇಲೆಯೇ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಅಂಗೈಯ ಲಿಂಗ ಕಣ್ಣೀರಿಗೆ ಮಸುಕಾಯಿತು. ಕಾಲು ಕೊಡು ಎಂದು ಬೇಡಲಿಲ್ಲ. ಬಸವಣ್ಣಾ, ಈ ಅಂಜಿಕೆಯೊಂದನ್ನು ತೆಗೆದುಬಿಡು ಎಂದೆ.

ಅದೇ ವಾರ, ಘಟಪ್ರಭಾದ ಆಸ್ಪತ್ರೆಯಲ್ಲಿ ನನಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಜಿಯೋಥೆರಪಿ ಹುಡುಗಿ ಶೈಲಜಾ ಹೊಸದೊಂದು ಯಂತ್ರ ತಂದಿದ್ದಳು. ನೆಲದ ಮೇಲೆ ಬಿಳಿ ಹಲಗೆ, ಎದುರಿಗೆ ಟಿ.ವಿ. ಹಲಗೆಯ ಮೇಲೆ ನಿಂತು ಮೈಭಾರ ಅತ್ತಿತ್ತ ಹಾಕಿದರೆ, ಟಿ.ವಿ.ಯೊಳಗಿನ ಗೊಂಬೆ ಹೊಳೆಯ ಮೇಲಿನ ಕಿರಿದಾದ ಸೇತುವೆಯಲ್ಲಿ ನಡೆಯುತ್ತದೆ. ಜೊತೆಗೆ ಬಂದಿದ್ದ ನಮ್ಮತ್ತೆ, ಮಕ್ಕಳ ಆಟ ಆಡಲು ಬಸ್ಸು ಹತ್ತಿ ಇಲ್ಲಿಗೆ ಬರಬೇಕಿತ್ತೇ ಎಂದು ಗೊಣಗಿದರು. ನನಗೂ ನಾಚಿಕೆಯಾಯಿತು.

ಶೈಲಜಾ ಹಿಂದೆ ನಿಂತು ನನ್ನ ಸೊಂಟ ಹಿಡಿದಳು. ಮೊದಲ ಸಲ ಗೊಂಬೆ ನೀರಿಗೆ ಬಿತ್ತು. ಎರಡನೇ ಸಲವೂ ಬಿತ್ತು. ಪಾಪ ಅನ್ನಿಸಿತು. ಈ ಬಡಪಾಯಿಯನ್ನು ಹೇಗಾದರೂ ದಾಟಿಸಬೇಕೆಂಬ ಹಟ ಹುಟ್ಟಿತು. ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ, ಮೊಣಕಾಲು ಬಗ್ಗಿಸಿದೆ. ಗೊಂಬೆ ಆಚೆ ದಡ ಮುಟ್ಟಿದಾಗ ನಾನು ಜೋರಾಗಿ ನಗುತ್ತಿದ್ದೆ.

"ಇನ್ನ ಸೊಂಟ ಬಿಡು ತಂಗಿ, ಒಬ್ಬಾಕಿನ ನಿಂತು ನೋಡ್ತೇನಿ" ಎಂದೆ.

ಉತ್ತರ ಎದುರಿನಿಂದ ಬಂತು. ಶೈಲಜಾ ಟಿ.ವಿ. ಬಾಜೂ ಕೈಕಟ್ಟಿ ನಿಂತಿದ್ದಳು.

"ನಾ ಕೈ ಬಿಟ್ಟು ಭಾಳ ಹೊತ್ತಾತ್ರೀ ಅಕ್ಕಾರ."

ಕೆಳಗೆ ನೋಡಿದೆ. ಮೈಭಾರವೆಲ್ಲ ಬಲಗಾಲಿನ ಮೇಲಿತ್ತು. ರೋಮಾಂಚನವಾಯಿತು. ಅಷ್ಟು ಹೊತ್ತು ನನ್ನ ಸೊಂಟದ ಮೇಲೆ ಕೈ ಇದ್ದದ್ದು ಸ್ಪಷ್ಟವಾಗಿ ತಿಳಿದಿತ್ತು. ಆ ಬಿಸುಪು ಕೂಡ. ಅತ್ತೆ ಎದ್ದು ಕೈಮುಗಿದರು.

ಆಮೇಲೂ ನೋವಿತ್ತು, ತಿಂಗಳುಗಟ್ಟಲೆ ವ್ಯಾಯಾಮವಿತ್ತು. ದೀಪಾವಳಿ ಕಳೆದ ಮೇಲೆ ಮೂಡಲಗಿ ಬಸ್ಸಿನಲ್ಲಿ ಮತ್ತೆ ಟಿಕೆಟ್ ಕೊಡಲು ನಿಂತೆ.

ಅದು ಯಂತ್ರದ ಕೆಲಸ, ಆಟದಲ್ಲಿ ಮನಸ್ಸು ಹೆದರಿಕೆ ಮರೆಯುತ್ತದೆ ಎಂದು ಶೈಲಜಾ ಹೇಳುತ್ತಾಳೆ. ಅವಳ ಮಾತು ಖರೆ. ಆ ಯಂತ್ರವನ್ನು, ಅವಳನ್ನು ನನ್ನ ಬಳಿಗೆ ಕಳಿಸಿದವನು ಯಾರೆಂಬುದೂ ನನಗೆ ಗೊತ್ತು. ಇದನ್ನು ಓದುವವರಲ್ಲಿ ಯಾರಾದರೂ ಈಗ ಗೋಡೆ ಹಿಡಿದು ನಡೆಯುತ್ತಿದ್ದರೆ, ನಾಳೆಯ ಪೂಜೆಯಲ್ಲಿ ನಿಮಗಾಗಿಯೂ ಬೇಡಿಕೊಳ್ಳುತ್ತೇನೆ.